ನೀರಾನೆಯ ಮುಂದೆ

ಅದನ್ನು ನೀರಾನೆ ಎನ್ನಬೇಕೋ ನೀರ್ಕುದುರೆ ಎನ್ನಬೇಕೋ ಎಂಬ ವಿಷಯದಲ್ಲಿ ನನಗೂ ನನ್ನ ಎಂಟು ವರ್ಷದ ಮೊಮ್ಮಗಳಿಗೂ ಕಳೆದ ಬೇಸಗೆಯ ರಜದಲ್ಲಿ ಒಂದು ದೊಡ್ಡ ವ್ಯಾಜ್ಯವೇ ನಡೆಯಿತು. ನಾನು ಕುದುರೆಯ ಪಕ್ಷ. ನಮ್ಮ ತಂದೆ ಹಾಗೆಯೇ ಕರೆಯುತ್ತಿದ್ದರು. ಅಲ್ಲದೆ ಗ್ರೀಕರೂ ಅದನ್ನು ಹೊಳೆಯ ಕುದುರೆ ಎಂದೇ ಕರೆದರು, ಇಂಗ್ಲಿಷಿನ ಆ ಉದ್ದನೆಯ ಹೆಸರಿಗೆ ಅರ್ಥವೂ ಅದೇ. ಅವಳು ಆನೆಯ ಪಕ್ಷ. “ಕುದುರೆ ಅಷ್ಟು ದಪ್ಪ ಇರತ್ತಾ ತಾತ?” ಎಂಬ ಒಂದೇ ಪ್ರಶ್ನೆಯಿಂದ ಗ್ರೀಕರ ಸಾಕ್ಷ್ಯವನ್ನೆಲ್ಲ ತಳ್ಳಿಹಾಕಿಬಿಟ್ಟಳು. ಕೊನೆಗೆ ವಾದಿ ಪ್ರತಿವಾದಿಗಳಿಬ್ಬರೂ ಸ್ಥಳ ತನಿಖೆಗೆ ಹೋಗುವುದೆಂದು ಇತ್ಯರ್ಥವಾಯಿತು. ಮೈಸೂರಿನಲ್ಲಿರುವವರಿಗೆ ಇದೊಂದು ಸೌಕರ್ಯ. ಚಾಮರಾಜೇಂದ್ರ ಒಡೆಯರು ೧೮೯೨ರಲ್ಲಿ ಸ್ಥಾಪಿಸಿದ ಮೃಗಾಲಯ ನಮ್ಮ ಮನೆಯಿಂದ, ನನ್ನ ನಡಿಗೆಯಲ್ಲಿ ಕೂಡ, ಅರ್ಧ ಗಂಟೆಯ ದಾರಿ.

ನಾವು ಹೋಗಿ ನಿಂತಾಗ ಕೊಳದಲ್ಲಿ ಏನೂ ಇರಲಿಲ್ಲ. ಹಸುರುಗಪ್ಪು ನೀರು, ನೀರಿನ ಮೇಲೆ ನಾಲ್ಕು ಒಣಗಿದ ಎಲೆ, ದಡದಲ್ಲಿ ಒಂದು ಕಾಗೆ. ಜನ ಬರುವರು, ಕಟಕಟೆಗೆ ಒರಗಿ ಒಂದು ಗಳಿಗೆ ನೋಡುವರು, “ಇಲ್ಲೇನೂ ಇಲ್ಲ, ಬನ್ರೋ” ಎಂದು ಹುಲಿಯ ಕಡೆಗೆ ನಡೆಯುವರು. ಹುಲಿಗೆ ನೋಡುವವರ ಮೇಲೆ ಎಷ್ಟೇ ತಿರಸ್ಕಾರವಿದ್ದರೂ ಕಣ್ಣಿಗೆ ಬೀಳುವ ಸೌಜನ್ಯವಾದರೂ ಇದೆ. ನನಗೂ ಹೊರಡೋಣವೆನ್ನಿಸಿತು. ಆದರೆ ಮೊಮ್ಮಗಳು ಬಿಡಬೇಕಲ್ಲ! ಅಷ್ಟು ದೊಡ್ಡ ಪ್ರಾಣಿ ಎಲ್ಲಿಗೆ ಹೋದೀತು, ಒಳಗೇ ಇದೆ, ಉಸಿರಿಗೆ ಮೇಲೆ ಬರಲೇಬೇಕು ಎಂದು ಅವಳ ತರ್ಕ. ತನ್ನ ಕೈಗಡಿಯಾರ ನೋಡುತ್ತ ಎಣಿಸತೊಡಗಿದಳು. ಅವಳ ಲೆಕ್ಕದಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡು ಆಗುವ ಹೊತ್ತಿಗೆ, ನಾವು ನೋಡುತ್ತಿದ್ದ ಕಡೆ ಅಲ್ಲ, ನಮ್ಮ ಕಾಲಬುಡದಲ್ಲಿಯೇ ನೀರು ಸೀಳಿತು. ಎರಡು ಮೂಗಿನ ಹೊಳ್ಳೆ, ಎರಡು ಕಣ್ಣು, ಎರಡು ಪುಟ್ಟ ಕಿವಿ. ‘ಭುಸ್’ ಎಂದು ಒಂದು ಉಸಿರು. ಕಿವಿಗಳು ಗರಗರನೆ ತಿರುಗಿ ನೀರು ಕೊಡವಿದವು. ಮತ್ತೆ ಮುಳುಗಿತು. ನಾಲ್ಕು ಎಲೆಗಳು ತೂಗಾಡಿ ತಮ್ಮ ಸ್ಥಳಕ್ಕೆ ಬಂದು ನಿಂತವು.

ಈ ಪ್ರಾಣಿಯ ವಿಷಯ ಓದುತ್ತ ಹೋದರೆ ನಂಬುವುದು ಕಷ್ಟ. ಹಗಲೆಲ್ಲ ನೀರಿನಲ್ಲಿಯೇ ಇರುವ ಇದಕ್ಕೆ ಈಜಲು ಬರುವುದಿಲ್ಲ! ಮೂಳೆಗಳು ಒತ್ತಾಗಿ ಭಾರವಾಗಿವೆ, ದೇಹ ತೇಲುವುದಿಲ್ಲ. ಹೊಳೆಯ ತಳವನ್ನು ಕಾಲಿನಿಂದ ಒದ್ದು ಒದ್ದು ನೆಗೆಯುತ್ತ ಒಳಗೇ ನಡೆದಾಡುತ್ತದೆ. ಮೂಗು, ಕಣ್ಣು, ಕಿವಿ ಮೂರನ್ನೂ ತಲೆಯ ನೆತ್ತಿಗೆ ತಂದಿಟ್ಟುಕೊಂಡಿರುವುದರಿಂದ, ಒಂದೂವರೆ ಟನ್ನಿನ ದೇಹವನ್ನು ಅಡಗಿಸಿಟ್ಟು ಮೂರು ಅಂಗುಲವನ್ನು ಮಾತ್ರ ಹೊರಗೆ ತೋರಿಸಬಲ್ಲುದು. ಮುಳುಗುವಾಗ ಹೊಳ್ಳೆಗಳೂ ಕಿವಿಗಳೂ ತಾವೇ ಮುಚ್ಚಿಕೊಳ್ಳುತ್ತವೆ. ಮರಿ ನೀರಿನೊಳಗೇ ಮೊಲೆಯುಣ್ಣಬಲ್ಲುದು. ಕತ್ತಲಾದ ಮೇಲೆ ದಡಕ್ಕೆ ಬಂದು ಒಂದು ರಾತ್ರಿಗೆ ೪೦ ಕಿಲೋದಷ್ಟು ಹುಲ್ಲು ಮೇಯುತ್ತದೆ. ನಮ್ಮ ಪಕ್ಕದಲ್ಲಿ ನಿಂತಿದ್ದ ಗೃಹಸ್ಥರೊಬ್ಬರು ಅದು ರಕ್ತ ಬೆವರುತ್ತದೆಂದು ತಮ್ಮ ಮಕ್ಕಳಿಗೆ ಹೇಳುತ್ತಿದ್ದರು. ಅದು ರಕ್ತವೂ ಅಲ್ಲ, ಸರಿಯಾಗಿ ಬೆವರೂ ಅಲ್ಲ. ಚರ್ಮದಿಂದ ಜಿನುಗುವಾಗ ಬಣ್ಣವಿಲ್ಲದ ಒಂದು ದ್ರವ, ಕೆಲವು ನಿಮಿಷಗಳಲ್ಲಿ ಕೆಂಪಾಗಿ ಆಮೇಲೆ ಕಂದಾಗುತ್ತದೆ. ಆ ಬಣ್ಣ ಬಿಸಿಲನ್ನು ತಡೆಯುತ್ತದೆ, ಗಾಯಕ್ಕೆ ಕ್ರಿಮಿಗಳು ಸೇರದಂತೆಯೂ ಕಾಯುತ್ತದೆ ಎಂದು ೨೦೦೪ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ನಾನು ಬಾಯಿ ಹಾಕಲಿಲ್ಲ. ಮಕ್ಕಳ ಮುಂದೆ ತಂದೆಯನ್ನು ತಿದ್ದುವುದು ಸಭ್ಯತೆಯಲ್ಲ.

ಆದರೆ ಮೊಮ್ಮಗಳಿಗೆ ಮಾತ್ರ, ದೊಡ್ಡವನೆಂಬ ಹಮ್ಮಿನಿಂದ, ಇನ್ನೊಂದು ಸಂಗತಿ ಹೇಳಿದೆ. ನೀರಾನೆ ನೀರಿನೊಳಗೆ ನಿದ್ದೆಹೋಗುತ್ತದೆ. ಐದು ನಿಮಿಷದೊಳಗೆ ಒಮ್ಮೆ ಅದರ ದೇಹ ತಾನಾಗಿ ಮೇಲೇಳುತ್ತದೆ, ಉಸಿರು ತೆಗೆದುಕೊಳ್ಳುತ್ತದೆ, ಮತ್ತೆ ಕೆಳಕ್ಕೆ ಹೋಗುತ್ತದೆ. ಇಷ್ಟಾದರೂ ಅದಕ್ಕೆ ಎಚ್ಚರವಾಗುವುದಿಲ್ಲ.

“ಯಾರೂ ಎಬ್ಬಿಸಲ್ವಾ?”

“ಯಾರೂ ಎಬ್ಬಿಸುವುದಿಲ್ಲ. ಅದಕ್ಕೆ ಗೊತ್ತಾಗುತ್ತೆ.”

“ಮರೆತುಹೋದರೆ?”

ನಾನು ಉತ್ತರ ಹೇಳಲಿಲ್ಲ.

ನನ್ನಾಕೆ ಕೊನೆಯ ಎರಡು ವರ್ಷ ಉಸಿರಿನ ತೊಂದರೆಯಿಂದ ನರಳಿದಳು. ಹಗಲು ಹೇಗೋ ಕಳೆಯುತ್ತಿತ್ತು, ರಾತ್ರಿಯೆಂದರೆ ಭಯ. ಮಂಚದ ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುಂಯ್‌ಗುಡುತ್ತಿತ್ತು. ಅವಳು ನಿದ್ದೆಯಲ್ಲಿ ಉಸಿರೆಳೆದುಕೊಳ್ಳುವಳು, ಬಿಡುವಳು, ಆಮೇಲೆ ಸುಮ್ಮನಾಗಿಬಿಡುವಳು. ನಾನು ಕತ್ತಲಲ್ಲಿ ಎಣಿಸುವೆನು. ಐದು, ಆರು, ಏಳು. ಹತ್ತಕ್ಕೆ ಬಂದರೆ ಎದ್ದು ಕೂಡುವೆನು. ಹನ್ನೆರಡಕ್ಕೋ ಹದಿಮೂರಕ್ಕೋ ಒಂದು ದೀರ್ಘವಾದ ಉಸಿರು ಬರುವುದು, ನಾನು ಮಲಗುವೆನು. ಬೆಳಿಗ್ಗೆ, “ಚೆನ್ನಾಗಿ ನಿದ್ದೆ ಬಂತಾ?” ಎಂದು ನಾನು ಕೇಳಿದರೆ, “ನನಗೆ ಬಂತು, ನಿಮಗೆ?” ಎನ್ನುವಳು. ಅವಳಿಗೆ ಎಲ್ಲ ಗೊತ್ತಿತ್ತೆಂದು ಕಾಣುತ್ತದೆ.

ಡಾಲ್ಫಿನ್ನಿನ ವಿಷಯ ಓದಿದ್ದು ಆ ದಿನಗಳಲ್ಲಿಯೇ. ಅದಕ್ಕೆ ನಮ್ಮಂತೆ ಉಸಿರು ತಾನಾಗಿ ಆಡುವುದಿಲ್ಲ. ಪ್ರತಿಯೊಂದು ಉಸಿರನ್ನೂ ಅದು ನೆನಪಿಟ್ಟುಕೊಂಡು ಆಡಬೇಕು. ಪೂರ್ತಿ ನಿದ್ದೆಹೋದರೆ ಸತ್ತಂತೆಯೇ. ಆದ್ದರಿಂದ ಅದರ ಮೆದುಳು ಸರದಿಯ ಮೇಲೆ ಮಲಗುತ್ತದೆ, ಒಮ್ಮೆ ಎಡದ ಅರ್ಧ, ಒಮ್ಮೆ ಬಲದ ಅರ್ಧ. ಒಂದು ಕಣ್ಣು ಮುಚ್ಚಿರುತ್ತದೆ, ಒಂದು ಕಣ್ಣು ತೆರೆದಿರುತ್ತದೆ. ಇದು ವಿಚಿತ್ರವೆಂದು ಪುಸ್ತಕದಲ್ಲಿ ಬರೆದಿತ್ತು. ನನಗೆ ಅಂಥ ವಿಚಿತ್ರವೆನ್ನಿಸಲಿಲ್ಲ. ಎರಡು ವರ್ಷ ನಾನು ಮಲಗಿದ್ದೂ ಹಾಗೆಯೇ.

ಸೀಲುಗಳದು ಇನ್ನೊಂದು ಬಗೆ. ನಾವು ಮುಳುಗುವಾಗ ಎದೆ ತುಂಬ ಗಾಳಿ ತುಂಬಿಕೊಳ್ಳುತ್ತೇವಷ್ಟೆ. ಸೀಲು ಮುಳುಗುವ ಮುಂಚೆ ಉಸಿರನ್ನು ಹೊರಕ್ಕೆ ಬಿಡುತ್ತದೆ. ಅದರ ಬಂಡವಾಳವಿರುವುದು ಶ್ವಾಸಕೋಶದಲ್ಲಲ್ಲ, ರಕ್ತದಲ್ಲಿ, ಮಾಂಸಖಂಡದಲ್ಲಿ. ಎದೆಬಡಿತವನ್ನು ತೀರ ನಿಧಾನ ಮಾಡಿಕೊಂಡು ಆ ಬಂಡವಾಳವನ್ನು ಜಿಪುಣನಂತೆ ಖರ್ಚು ಮಾಡುತ್ತದೆ. ಅಂಟಾರ್ಟಿಕದ ವೆಡೆಲ್ ಸೀಲು ಒಂದು ಗಂಟೆಗೂ ಹೆಚ್ಚು ಹೊತ್ತು ಹಿಮದ ಕೆಳಗೆ ಇರಬಲ್ಲುದು. ಉತ್ತರ ಪೆಸಿಫಿಕ್ಕಿನ ಆನೆಸೀಲುಗಳು ಸಮುದ್ರದಲ್ಲಿರುವ ತಿಂಗಳುಗಳಲ್ಲಿ ದಿನಕ್ಕೆ ಎರಡೇ ಗಂಟೆ ನಿದ್ದೆ ಮಾಡುತ್ತವೆಂದು ೨೦೨೩ರಲ್ಲಿ ಅಳೆದು ತಿಳಿದರು. ಅದೂ ಹತ್ತು ಹತ್ತು ನಿಮಿಷದ ಕಂತಿನಲ್ಲಿ, ನೂರಾರು ಅಡಿ ಆಳದ ಕತ್ತಲಲ್ಲಿ, ಉದುರಿದ ಎಲೆಯ ಹಾಗೆ ಸುತ್ತಿ ಸುತ್ತಿ ಇಳಿಯುತ್ತ. ಅಟ್ಲಾಂಟಿಕ್ಕಿನ ಮುಸುಕು ಸೀಲು ಮರಿಗೆ ಹಾಲು ಕೊಡುವುದು ನಾಲ್ಕೇ ದಿನ. ಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು. ನಾಲ್ಕು ದಿನದಲ್ಲಿ ಮರಿಯ ತೂಕ ಎರಡರಷ್ಟಾಗುತ್ತದೆ, ತಾಯಿ ಹೊರಟುಹೋಗುತ್ತದೆ. ಇದನ್ನು ಮೊಮ್ಮಗಳಿಗೆ ಹೇಳಬಾರದಾಗಿತ್ತು. ಆ ತಾಯಿಯನ್ನು ಅವಳು ಇನ್ನೂ ಕ್ಷಮಿಸಿಲ್ಲ.

ಇರಲಿ, ನಮ್ಮ ವ್ಯಾಜ್ಯಕ್ಕೆ ಬರೋಣ. ತೀರ್ಪು ಇಬ್ಬರ ವಿರುದ್ಧವೂ ಆಯಿತು. ನೀರಾನೆ ಆನೆಗೂ ಹತ್ತಿರದ್ದಲ್ಲ, ಕುದುರೆಗೂ ಹತ್ತಿರದ್ದಲ್ಲ. ಇಂದು ಬದುಕಿರುವವುಗಳಲ್ಲಿ ಅದರ ಅತ್ಯಂತ ಹತ್ತಿರದ ನೆಂಟ ತಿಮಿಂಗಿಲ. ಇವೆರಡಕ್ಕೂ ಐದೂವರೆ ಕೋಟಿ ವರ್ಷಗಳಷ್ಟು ಹಿಂದೆ ಒಬ್ಬನೇ ಮೂಲಪುರುಷ. ತಿಮಿಂಗಿಲದ ಹಿರಿಯರ ದಾಯಾದಿಯೊಂದರ ಎಲುಬು ಸಿಕ್ಕಿದ್ದು ನಮ್ಮ ದೇಶದಲ್ಲಿಯೇ. ಎ. ರಂಗರಾವ್ ಎಂಬ ಭೂವಿಜ್ಞಾನಿ ಜಮ್ಮುವಿನ ಕಾಲಾಕೋಟದಲ್ಲಿ ಕಲ್ಲುಗಳನ್ನು ಒಟ್ಟುಮಾಡಿ ತಂದರು. ೧೯೭೧ರಲ್ಲಿ ಅವುಗಳಲ್ಲಿ ದೊರೆತ ಹಲ್ಲು ದವಡೆಗಳನ್ನು ನೋಡಿ ಇಂಡೋಹ್ಯೂಸ್ ಎಂದು ಪ್ರಾಣಿಗೆ ಹೆಸರಿಟ್ಟರು. ಎಷ್ಟೋ ಕಲ್ಲುಗಳನ್ನು ಒಡೆಯುವ ಮೊದಲೇ ತೀರಿಕೊಂಡರು. ಆ ಕಲ್ಲುಗಳನ್ನು ಅವರ ಪತ್ನಿ ಉಳಿಸಿಕೊಂಡಿದ್ದರು. ವರ್ಷಗಳ ಮೇಲೆ ಥೆವಿಸನ್ ಎಂಬ ವಿಜ್ಞಾನಿಗೆ ಕೊಟ್ಟರು. ಒಂದು ತಲೆಬುರುಡೆಯನ್ನು ಬಿಡಿಸುವಾಗ ಕೈತಪ್ಪಿ ಕಿವಿಯ ಮೂಳೆ ಮುರಿಯಿತಂತೆ. ನೋಡಿದರೆ ತಿಮಿಂಗಿಲದ ಕಿವಿಯಲ್ಲಿ ಮಾತ್ರ ಇರುವಂಥ ದಪ್ಪನೆಯ ಅಂಚು ಅಲ್ಲಿತ್ತು. ೨೦೦೭ರಲ್ಲಿ ಆ ಸುದ್ದಿ ಲೋಕಕ್ಕೆಲ್ಲ ತಿಳಿಯಿತು. ಬೆಕ್ಕಿನಷ್ಟು ಗಾತ್ರದ, ಜಿಂಕೆಯಂಥ ಸಣಕಲು ಕಾಲಿನ, ನಾಲ್ಕು ಕೋಟಿ ಎಂಬತ್ತು ಲಕ್ಷ ವರ್ಷದ ಹಿಂದಿನ ಜೀವ. ಅದರ ಮೂಳೆಯೂ ನೀರಾನೆಯ ಮೂಳೆಯಂತೆ ಒತ್ತಾಗಿತ್ತು, ನೀರಲ್ಲಿ ನಡೆದಾಡುವುದಕ್ಕೆ. ಆದರೆ ನಾನು ಮತ್ತೆ ಮತ್ತೆ ಯೋಚಿಸುವುದು ಆ ಪತ್ನಿಯನ್ನು ಕುರಿತು. ಗಂಡ ಹೋದ ಮೇಲೆ ಮನೆಯಲ್ಲಿ ಕಲ್ಲಿನ ರಾಶಿ. ಇವನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದವರು ಇಲ್ಲದೆ ಇದ್ದಾರೆಯೇ? ನಮ್ಮ ಮನೆಯಲ್ಲಿ ಆ ಯಂತ್ರ ಇನ್ನೂ ಮೂಲೆಯಲ್ಲಿದೆ. ಯಾರಿಗಾದರೂ ಕೊಡಿ ಎಂದು ಮಗ ಎರಡು ಸಲ ಹೇಳಿದ್ದಾನೆ. ಸರಿಯಾದ ಮಾತೇ.

ಆನೆಗೆ ನೀರಿನಲ್ಲಿ ನೆಂಟರಿಲ್ಲದೆ ಇಲ್ಲ. ಅದು ಕಡಲಹಸು, ಹೆಸರಿನಲ್ಲಿ ಹಸು, ಹುಟ್ಟಿನಲ್ಲಿ ಆನೆಯ ಬಳಗ. ಪಾಕ್ ಕೊಲ್ಲಿಯಲ್ಲಿ ಕೆಲವು ಉಳಿದಿವೆ; ತಮಿಳುನಾಡು ೨೦೨೨ರಲ್ಲಿ ಅವಕ್ಕಾಗಿ ಅಲ್ಲಿ ಒಂದು ರಕ್ಷಿತ ಪ್ರದೇಶ ಮಾಡಿತು. ಉತ್ತರದ ಬೇರಿಂಗ್ ದ್ವೀಪದ ಸುತ್ತ ಅವುಗಳ ದೊಡ್ಡಣ್ಣನಂಥ ಒಂದು ಜಾತಿಯಿತ್ತು, ೨೫ ಅಡಿ ಉದ್ದ, ಹಲ್ಲಿಲ್ಲ, ಪೂರ್ತಿ ಮುಳುಗಲೂ ಬಾರದು. ೧೭೪೧ರಲ್ಲಿ ಹಡಗೊಡೆದು ಅಲ್ಲಿ ಸಿಕ್ಕಿಕೊಂಡ ಸ್ಟೆಲ್ಲರ್ ಎಂಬ ಜರ್ಮನ್ ಪಂಡಿತ ಅದನ್ನು ಮೊದಲು ವರ್ಣಿಸಿದ. ೧೭೬೮ರ ಹೊತ್ತಿಗೆ ಒಂದೂ ಉಳಿಯಲಿಲ್ಲ, ಬೇಟೆಗಾರರು ತಿಂದು ಮುಗಿಸಿದರು. ಹೆಣ್ಣನ್ನು ಕೊಂದು ದಡಕ್ಕೆಳೆದ ಮೇಲೆ ಅದರ ಗಂಡು ಎರಡು ದಿನ ಮತ್ತೆ ಮತ್ತೆ ದಡದ ಹತ್ತಿರ ಬಂದು ನೋಡಿಕೊಂಡು ಹೋಯಿತೆಂದು ಸ್ಟೆಲ್ಲರ್ ಬರೆದಿದ್ದಾನೆ. ಆತ ಲೆಕ್ಕ ಪತ್ರದ ಮನುಷ್ಯ, ಕರುಳಿನ ಉದ್ದವನ್ನೂ ಅಳೆದವನು. ಕಥೆ ಕಟ್ಟಿರಲಾರ.

ಇದನ್ನು ಮೊಮ್ಮಗಳಿಗೆ ಹೇಳಲಿಲ್ಲ. ಸೀಲಿನ ತಾಯಿಯಿಂದ ಬುದ್ಧಿ ಬಂದಿತ್ತು.

ಸಂಜೆ ಮನೆಗೆ ಬಂದ ಮೇಲೆ ಬಚ್ಚಲಿಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಾಗಿಲು ತಟ್ಟಿದೆ. ಬಕೆಟ್ಟಿನ ನೀರಿನಲ್ಲಿ ಮುಖ ಮುಳುಗಿಸಿ ನೀರಾನೆಯ ಅಭ್ಯಾಸ ನಡೆದಿತ್ತು. ತಣ್ಣೀರಿಗೆ ಮುಖವೊಡ್ಡಿದರೆ ಮನುಷ್ಯರ ಎದೆಬಡಿತವೂ ಸೀಲಿನದರಂತೆ ತುಸು ನಿಧಾನವಾಗುತ್ತದೆಂಬುದನ್ನು ಬೆಳಿಗ್ಗೆ ನಾನೇ ಅವಳಿಗೆ ಹೇಳಿಕೊಟ್ಟಿದ್ದೆ, ಬೈಯಲು ಬಾಯಿಲ್ಲ. “ಇಪ್ಪತ್ತೆರಡು ಸೆಕೆಂಡು ತಾತ! ಇನ್ನು ಒಂದೇ ಒಂದು ಸಲ” ಎಂದು ಕೂಗಿದಳು.

“ಬಾಗಿಲು ತೆರೆದಿಟ್ಟುಕೊಂಡು ಮಾಡು” ಎಂದೆ.

ಅವಳು ಬಗ್ಗಿದಳು. ನಾನು ಹೊಸ್ತಿಲಲ್ಲಿ ನಿಂತು ಎಣಿಸಿದೆ. ಹತ್ತಕ್ಕೆ ನನ್ನ ಕೈ ತಾನಾಗಿ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಿತು. ಹತ್ತೊಂಬತ್ತಕ್ಕೆ ‘ಭುಸ್’ ಎಂದು ತಲೆಯೆತ್ತಿದಳು, ಎರಡು ಕಿವಿಯನ್ನೂ ಅಲ್ಲಾಡಿಸಲು ನೋಡಿದಳು, ಆಗಲಿಲ್ಲ.