ಹೊರೆ ಹೊರುವವರಾರು?

ನರಗುಂದ ತಾಲ್ಲೂಕಿನ ಚಿಕ್ಕನರಗುಂದವು ಎರೆಭೂಮಿಯ ಊರು. ಮಳೆ ಬಿದ್ದ ಮೇಲೆ ಈ ಮಣ್ಣು ಹೆಜ್ಜೆಹೆಜ್ಜೆಗೂ ಪಾದರಕ್ಷೆಗೆ ಮೆತ್ತಿಕೊಳ್ಳುತ್ತದೆ. ಹುಬ್ಬಳ್ಳಿಯ ಅಂಗಡಿಯ ನುಣುಪು ನೆಲದಲ್ಲಿ ಒಂದೇ ಬೆರಳಿಗೆ ಉರುಳಿದ ಗಾಲಿಪೆಟ್ಟಿಗೆ ಇಲ್ಲಿ ಹತ್ತು ಮಾರು ಸಾಗುವಷ್ಟರಲ್ಲಿ ಗಾಲಿಯ ಸಂದಿಗೆ ಎರೆ ತುಂಬಿ ನಿಂತುಬಿಡುತ್ತದೆ. ಆಮೇಲೆ ಅದನ್ನು ತಲೆಯ ಮೇಲೆಯೇ ಹೊರಬೇಕು. ಅಮೆರಿಕೆಯ ಬರ್ನಾರ್ಡ್ ಸ್ಯಾಡೋ ಎಂಬವರು ಗಾಲಿಯ ಸೂಟ್‌ಕೇಸಿಗೆ 1972ರಲ್ಲಿ ಹಕ್ಕುಪತ್ರ ಪಡೆದರು. ಅದರ ಯೋಚನೆ ಅವರಿಗೆ ಹೊಳೆದದ್ದು ವಿಮಾನ ನಿಲ್ದಾಣದಲ್ಲಿ, ನಮ್ಮ ಹೊಲದ ದಾರಿಯಲ್ಲಲ್ಲ!

ಚೀಲ ಕೊಳ್ಳುವಾಗ ನಾವು ದಾರಿಯ ನಡುವಿನ ನೂರಾರು ಮೈಲಿಗಳನ್ನು ನೆನೆಯುತ್ತೇವೆ. ಆ ದೂರದಲ್ಲಿ ಹೊರೆ ಹೊರುವುದು ಬಸ್ಸು, ರೈಲು. ಹೊಸ್ತಿಲಿನಿಂದ ಬಸ್ಸಿನವರೆಗೆ, ರೈಲು ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲುಗಳ ಮೇಲೆ ಹೊರುವವರಾರು? ವಯಸ್ಸಾದ ತಂದೆತಾಯಿಗಳು ಇಬ್ಬರೇ ಹೊರಟಾಗ ಈ ಪ್ರಶ್ನೆ ಸಣ್ಣದಲ್ಲ. ಅವರಿಗೆ ಒಂದು ದೊಡ್ಡ ಪೆಟ್ಟಿಗೆಗಿಂತ, ಒಬ್ಬೊಬ್ಬರು ಒಂದೊಂದನ್ನು ಎತ್ತಬಲ್ಲ ಎರಡು ಸಣ್ಣ ಚೀಲಗಳು ಲೇಸು. ಗಾಲಿ ಬೇಕೇ ಬೇಕೆಂದರೆ, ನಾಲ್ಕು ಪುಟ್ಟ ಗಾಲಿಗಳಿಗಿಂತ ಎರಡು ದೊಡ್ಡ ಗಾಲಿಗಳು ಒರಟು ನೆಲದಲ್ಲಿ ತಾಳುತ್ತವೆ.

ಹಿರಿಯರ ಹಸಿಬೆಚೀಲವನ್ನು ಕಂಡವರು ಈ ಮಾತನ್ನು ಬೇಗ ಗ್ರಹಿಸುವರು. ಎರಡು ತುದಿಗೆ ಎರಡು ಜೋಳಿಗೆ. ಒಂದು ಎದೆಯ ಮೇಲೆ, ಇನ್ನೊಂದು ಬೆನ್ನಿನ ಮೇಲೆ. ಭಾರ ಇಬ್ಭಾಗವಾಗಿ ಕೈಗಳೆರಡೂ ಬಿಡುವಾಗಿರುತ್ತಿದ್ದವು.

ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ನಮ್ಮ ಸೀಮೆಯ ಭಕ್ತರಿಗೆ ಅಂತಹ ಚೀಲವೇ ಬೇಕು. ಇಂದಿನ ಬೆನ್ನುಚೀಲದಲ್ಲಿ ಅಗಲವಾದ ಹೆಗಲಪಟ್ಟಿ, ಸೊಂಟಪಟ್ಟಿ ಎರಡೂ ಇರಲಿ. ಹೊರೆಯು ದೇಹದ ತೂಕದ ಹತ್ತನೆಯ ಒಂದು ಪಾಲನ್ನು ಮೀರದಿರುವುದು ಒಳಿತು. ಅರವತ್ತು ಕಿಲೋ ತೂಗುವವರಿಗೆ ಆರು ಕಿಲೋ. ಎರಡು ಲೀಟರ್ ನೀರೇ ಎರಡು ಕಿಲೋ! ದಾರಿಯುದ್ದಕ್ಕೂ ದಾಸೋಹ ನಡೆಸುವ ಪುಣ್ಯವಂತರಿರುವುದರಿಂದ ಬುತ್ತಿಯ ಗಂಟನ್ನು ಹಗುರಗೊಳಿಸಬಹುದು, ನೀರನ್ನು ಕಡಿಮೆ ಮಾಡಲಾಗದು. ನಲ್ಲಮಲದ ಕಾಡಿನಲ್ಲಿ ನಾಗಲೂಟಿ, ಪೆಚ್ಚೆರುವು ದಾಟಿ ಭೀಮನಕೊಳ್ಳದ ಏರು ಹತ್ತುವಾಗ, ಮನೆಯಲ್ಲಿ ‘ಇರಲಿ’ ಎಂದು ತುರುಕಿದ ಎರಡನೆಯ ಚಾದರ ಏನೆಂಬುದು ಬೆನ್ನಿಗೇ ಗೊತ್ತಾಗುತ್ತದೆ.

ವಸತಿನಿಲಯಕ್ಕೆ ಹೋಗುವ ಮಕ್ಕಳಿಗೆ ತಗಡಿನ ಟ್ರಂಕೇ ಇಂದಿಗೂ ಮೇಲು. ಇಲಿ ಕಡಿಯದು, ಬೀಗ ಬೀಳುತ್ತದೆ. ರೈಲಿನಲ್ಲಿ ಒಯ್ಯುವುದಾದರೆ 100 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರ ಮೀರಬಾರದು. ಸ್ಲೀಪರ್ ಬೋಗಿಯಲ್ಲಿ ಉಚಿತವಾಗಿ ಒಯ್ಯಬಹುದಾದ ಹೊರೆ 40 ಕಿಲೋ.

ಮಕ್ಕಳಿರುವ ಪರದೇಶಕ್ಕೆ ವಿಮಾನದಲ್ಲಿ ಹೊರಡುವ ತಾಯಂದಿರ ಪೆಟ್ಟಿಗೆ ಬೇರೆ ಬಗೆಯದು. ಖಾಲಿ ಪೆಟ್ಟಿಗೆಯ ತೂಕವೂ ಲೆಕ್ಕಕ್ಕೆ ಬರುವುದರಿಂದ ಹಗುರವಾದುದನ್ನೇ ಆರಿಸಬೇಕು. ಕಟಕರೊಟ್ಟಿಯನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು ಸುತ್ತಲೂ ಸೀರೆ ತುರುಕಿದರೆ ಪುಡಿಯಾಗದು. ತುಪ್ಪ, ಉಪ್ಪಿನಕಾಯಿ ದೊಡ್ಡ ಪೆಟ್ಟಿಗೆಗೆ. ಔಷಧಿ, ಪಾಸ್‌ಪೋರ್ಟ್, ಪವರ್ ಬ್ಯಾಂಕ್ ಕೈಚೀಲಕ್ಕೆ. ಇಷ್ಟಲಿಂಗ ಕೊರಳಲ್ಲೇ ಇರುವುದು. ವಿಭೂತಿ ಮತ್ತು ಪೂಜೆಯ ವಸ್ತ್ರವನ್ನೂ ಕೈಚೀಲದಲ್ಲಿಟ್ಟರೆ, ದೊಡ್ಡ ಪೆಟ್ಟಿಗೆ ಎರಡು ದಿನ ತಡವಾಗಿ ಬಂದರೂ ಪೂಜೆ ತಪ್ಪದು. ಟಿಕೆಟ್ಟಿನಲ್ಲಿ ನಮೂದಿಸಿದ ತೂಕವನ್ನು ಹೊರಡುವ ಮುನ್ನಾದಿನವೇ ನೋಡಿಕೊಳ್ಳಬೇಕು. ಅದಕ್ಕೆ ಹೊಸ ಯಂತ್ರ ಬೇಕಿಲ್ಲ, ನಮ್ಮ ಊರುಗಳಲ್ಲಿ ಹತ್ತಿ ತೂಗುವ ಕೊಕ್ಕೆಯ ತಕ್ಕಡಿ ಸಾಕು.