ಬೋರ್ಡಿನ ಚೀನಾ, ಬೋರ್ಡಿಲ್ಲದ ಚೀನಾ

ಸಿಂದಗಿ

ಸಂಜೆಯಾದರೆ ಬಸ್ ಸ್ಟ್ಯಾಂಡ್ ಸುತ್ತ ಗಾಡಿಗಳ ಒಲೆಗಳು ಹೊತ್ತಿಕೊಳ್ಳುತ್ತವೆ. ಒಂದು ಗಾಡಿಯ ಮೇಲೆ 'ಚೈನೀಸ್' ಎಂಬ ಬೋರ್ಡು, ಬೆಂಕಿಯುಗುಳುವ ಡ್ರ್ಯಾಗನ್, ಅದರ ಪಕ್ಕದಲ್ಲೇ ಬಸವಣ್ಣನವರ ಫೋಟೊ. ಮೈದಾ, ಕಾರ್ನ್‌ಫ್ಲೋರ್ ಹಿಟ್ಟಿನಲ್ಲಿ ಅದ್ದಿ ಕರಿದ ಗೋಬಿ ಕಡಾಯಿಗೆ ಬೀಳುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಸೋಯಾ ಸಾಸ್, ಮೇಲೊಂದು ಹಿಡಿ ಕೊತ್ತಂಬರಿ.

"ಚೀನಾದಾಗೂ ಹಿಂಗ ಮಾಡ್ತಾರೇನ್ರೀ?"

"ಅದೆಲ್ಲಾ ನಮಗೇನ್ ಗೊತ್ರೀ ಸರ, ನಾ ಕಲ್ತಿದ್ದು ಸೊಲ್ಲಾಪುರದಾಗ."

ಮಂಚೂರಿಯನ್ ಹುಟ್ಟಿದ್ದೂ ಚೀನಾದಲ್ಲಲ್ಲ. 1975ರಲ್ಲಿ ಮುಂಬೈ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ, ಕೋಲ್ಕತ್ತದ ಚೀನೀ ಮನೆತನದ ನೆಲ್ಸನ್ ವಾಂಗ್ ಅದನ್ನು ಮೊದಲು ಮಾಡಿದರೆಂಬುದು ಪ್ರಸಿದ್ಧ. ಅದು ಕೋಳಿಯದು, ಗೋಬಿ ಬಂದದ್ದು ಆಮೇಲೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಈ ಗಾಡಿಯಲ್ಲಿ ಕೆಂಪು ಇಳಿದಿದೆ, ಡ್ರ್ಯಾಗನ್ ಮಾತ್ರ ಹಾಗೇ ಇದೆ.

ಬಸವನ ಬಾಗೇವಾಡಿ

ಇಲ್ಲಿ ಬೋರ್ಡಿನ ಒಗಟು ತಿರುವುಮುರುವು. ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಯ ಮೇಲೆ ಅಂತಸ್ತು ಅಂತಸ್ತಾಗಿ ಹರವಿ ಮಣೂಕ ಮಾಡುತ್ತಾರೆ. ಬಿಸಿಲು ನೇರ ಬೀಳಬಾರದು, ಗಾಳಿ ಮಾತ್ರ ಆಡಬೇಕು. ಚೀನಾದ ಮಣೂಕ ಅಡ್ಡದಾರಿಯಲ್ಲಿ ಒಳಬಂದು ದರ ಕೆಡಿಸುತ್ತಿದೆ ಎಂದು 2025ರಲ್ಲಿ ಬೆಳೆಗಾರರು ದೂರಿದರು. ಚೀನಾದ್ದಲ್ಲದ ಗೋಬಿಗೆ ಚೀನಾದ ಬೋರ್ಡು. ಚೀನಾದ್ದೇ ಆದ ಮಣೂಕಕ್ಕೆ ಯಾವ ಬೋರ್ಡೂ ಇಲ್ಲ.

ಚೀನಾದ ದ್ರಾಕ್ಷಿ ಸೀಮೆ ಶಿಂಜಿಯಾಂಗ್‌ನ ತುರ್ಫಾನ್. ಅಲ್ಲಿಯೂ ಸಾಲು ಸಾಲು ಕಿಂಡಿಗಳಿರುವ ಇಟ್ಟಿಗೆ ಮನೆಗಳಲ್ಲಿ ನೆರಳು-ಗಾಳಿಗೇ ಹಣ್ಣು ಒಣಗಿಸುತ್ತಾರೆ. ಪೈಪೋಟಿಗೆ ಬಿದ್ದವರಿಬ್ಬರ ಕೆಲಸವೂ ಒಂದೇ.

ಮುದ್ದೇಬಿಹಾಳ

ಅದೇ ತುರ್ಫಾನ್ ಸೀಮೆಯ ಗಾವೊಚಾಂಗ್‌ನಲ್ಲಿ ಏಳನೇ ಶತಮಾನದಲ್ಲಿ ಒಬ್ಬ ಭಿಕ್ಷು ತಂಗಿದ್ದ. ಇಲ್ಲೇ ಇದ್ದುಬಿಡೆಂದು ಅಲ್ಲಿನ ರಾಜ ತಡೆದಾಗ ಉಪವಾಸ ಕೂತು, ಹಟ ಸಾಧಿಸಿ ಮುಂದೆ ನಡೆದ. ಅವನೇ ಹ್ಯೂಯೆನ್ ತ್ಸಾಂಗ್. ಸುಮಾರು 641ರಲ್ಲಿ ಇಮ್ಮಡಿ ಪುಲಕೇಶಿಯ ನಾಡಿಗೆ ಬಂದ.

ಇಲ್ಲಿಂದ ಕೃಷ್ಣೆ ದಾಟಿದರೆ ಹುನಗುಂದ ತಾಲ್ಲೂಕು, ಅಲ್ಲಿ ಐಹೊಳೆ. ಮೇಗುತಿಯಲ್ಲಿರುವ 634ರ ಶಾಸನದಲ್ಲಿ ರವಿಕೀರ್ತಿ ಪುಲಕೇಶಿಯನ್ನು ಹೊಗಳಿದ್ದಾನೆ. ಆಸ್ಥಾನ ಕವಿ ಹೊಗಳದೆ ಇನ್ನೇನು ಮಾಡಿಯಾನು? ಆದರೆ ಪುಲಕೇಶಿಯ ಹಂಗಿಲ್ಲದ ಚೀನೀಯನೂ ಉತ್ತರದ ಹರ್ಷನಿಗೆ ಈ ರಾಜ ಮಣಿಯಲಿಲ್ಲ ಎಂದೇ ಬರೆದ. ಇಲ್ಲಿಯ ಜನ ಉಪಕಾರ ಮರೆಯರು, ಅವಮಾನ ಸಹಿಸರು, ಸೇಡು ತೀರಿಸುವ ಮುನ್ನ ಎದುರಾಳಿಗೆ ಹೇಳಿಯೇ ಹೋಗುತ್ತಾರೆ ಎಂದ. ಯುದ್ಧದ ಆನೆಗಳಿಗೆ ಹೆಂಡ ಕುಡಿಸುವುದನ್ನೂ ಬಿಡದೆ ಬರೆದಿಟ್ಟವನು ರಾಜಧಾನಿಯ ಹೆಸರನ್ನೇ ಯಾಕೆ ಬರೆಯಲಿಲ್ಲವೋ! ವಿದ್ವಾಂಸರು ಇಂದಿಗೂ ಅದು ಯಾವ ಊರೆಂದು ವಾದ ಮಾಡುತ್ತಿದ್ದಾರೆ.

ಇಂಡಿ

ಭೀಮೆಯ ಆಚೆ ದಂಡೆ ಸೊಲ್ಲಾಪುರ ಜಿಲ್ಲೆ. ಅಲ್ಲಿಯ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲೂ ನಮ್ಮದೇ ಮಾತು. ಆ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದವರು ಡಾ. ದ್ವಾರಕಾನಾಥ ಕೊಟ್ನೀಸ್. ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ 1938ರಲ್ಲಿ ಕಾಂಗ್ರೆಸ್ ಐವರು ವೈದ್ಯರನ್ನು ಕಳುಹಿಸಿತು. ಆಗ ಅಧ್ಯಕ್ಷರು ಸುಭಾಷಚಂದ್ರ ಬೋಸ್. ನಾಲ್ವರು ಮರಳಿದರು, ಕೊಟ್ನೀಸ್ ಅಲ್ಲೇ ಉಳಿದರು. ಅಲ್ಲಿಯ ಬೆಥೂನ್ ಆಸ್ಪತ್ರೆಯ ನಿರ್ದೇಶಕರಾದರು, ನರ್ಸ್ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. 1942ರ ಡಿಸೆಂಬರ್ 9ರಂದು, 32ನೇ ವಯಸ್ಸಿನಲ್ಲಿ, ಮೂರ್ಛೆರೋಗದಿಂದ ತೀರಿಕೊಂಡರು. ಮಗನಿಗೆ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ.

1946ರಲ್ಲಿ ವಿ. ಶಾಂತಾರಾಮ್ ಕೊಟ್ನೀಸರ ಕಥೆಯನ್ನು ಸಿನಿಮಾ ಮಾಡಿದರು. ಚೀನಾದ ಶಿಜಿಯಾಝುವಾಂಗ್‌ನಲ್ಲಿ ಅವರ ಸಮಾಧಿ, ಪ್ರತಿಮೆ ಇವೆ. 1962ರಲ್ಲಿ ಎರಡೂ ದೇಶಗಳ ನಡುವೆ ಯುದ್ಧವಾಯಿತು, 2020ರಲ್ಲಿ ಗಾಲ್ವಾನ್‌ನಲ್ಲಿ ನೆತ್ತರು ಹರಿಯಿತು. ಆದರೂ ಅಲ್ಲಿಯವರು ಕೊಟ್ನೀಸರನ್ನು ಮರೆಯಲಿಲ್ಲ. 2014ರಲ್ಲಿ ಭಾರತಕ್ಕೆ ಬಂದ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಕೊಟ್ನೀಸರ ತಂಗಿಯನ್ನು ಕಂಡು ಹೋದರು. ಅಷ್ಟು ದೂರದವರಿಗೆ ನೆನಪಿರುವ ಹೆಸರು ಭೀಮೆಯ ಈಚೆ ದಂಡೆಗೆ ಯಾಕೆ ದಾಟಿಲ್ಲವೋ ತಿಳಿಯದು. ಹಳೆಯ ಸಿನಿಮಾ ನೆನೆಯುವ ಹಿರಿಯರನ್ನು ಬಿಟ್ಟರೆ ಯಾರ ಬಾಯಲ್ಲೂ ಅದಿಲ್ಲ.

ಇಂಡಿಯ ಹಲವರು ದೊಡ್ಡ ದವಾಖಾನೆಗೆ ಹೋಗುವುದು ಸೊಲ್ಲಾಪುರಕ್ಕೆ. ಕೊಟ್ನೀಸರ ಮನೆ ಭೈಯಾ ಚೌಕದ ಬಳಿ ಈಗ ಸ್ಮಾರಕವಾಗಿದೆ. ರಕ್ತ ಪರೀಕ್ಷೆಯ ರಿಪೋರ್ಟ್ ಬರಲು ಹೇಗೂ ಹೊತ್ತಾಗುತ್ತದೆ. ಆ ಹೊತ್ತಿನಲ್ಲಿ ಅದನ್ನೊಮ್ಮೆ ನೋಡಿ ಬನ್ನಿ.