ಆಪಾಳ ಮಗ ಮಾಡಿದ ಪೆಟ್ಟಿಗೆ

ಎರಡು ವರ್ಷಗಳ ಹಿಂದೆ ಆಪಾಳ ಮಗ ರಜೆಗೆಂದು ಅಮೆರಿಕದಿಂದ ಬಂದಾಗ ಅವನ ಚೀಲದಲ್ಲಿ ಚಾಕಲೇಟು, ಸೆಂಟು, ತಾಯಿಗೊಂದು ಸ್ವೆಟರ್ ಇವುಗಳ ಜೊತೆ ಒಂದು ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯೂ ಇತ್ತು. ನಮ್ಮ ಮಸಾಲೆ ಡಬ್ಬಿಗಿಂತ ಚಿಕ್ಕದು. ಒಂದು ಬದಿಯಲ್ಲಿ ಪುಟ್ಟ ಫ್ಯಾನು, ಇನ್ನೊಂದು ಬದಿಯಲ್ಲಿ ವೈರು.

“ಇದೇನು ಬೇಟಾ?” ಎಂದು ಕೇಳಿದೆ.

“ವಿಮಾನದ ಮೀಟರ್ ಖಾಲಾ. ನಾನೇ ಮಾಡಿದ್ದು” ಎಂದ.

ಆಪಾ ಅಡುಗೆಮನೆಯಿಂದಲೇ ಕೇಳಿಸಿಕೊಂಡರು. ಒಲೆಯ ಮೇಲಿನ ಪಾತ್ರೆಯ ಸದ್ದು ಒಂದು ಕ್ಷಣ ನಿಂತಿತು.

ಆಪಾಳಿಗೆ ಇವನೊಬ್ಬನೇ ಮಗ. ಭಾಯಿಜಾನ್ ತೀರಿಕೊಂಡಾಗ ಹುಡುಗನಿಗೆ ಒಂಬತ್ತು ವರ್ಷ. ಹೊಲಿಗೆ ಮಾಡಿ ಓದಿಸಿದರು. ಅವನು ಎಂಜಿನಿಯರಾಗಿ ಒಹಾಯೊದಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಸಣ್ಣ ಊರುಗಳಲ್ಲೂ ಸಣ್ಣ ವಿಮಾನ ನಿಲ್ದಾಣಗಳಿರುತ್ತವೆ. ನಮ್ಮಲ್ಲಿ ಕಾರು ಕಲಿತಂತೆ ಅಲ್ಲಿ ಹವ್ಯಾಸಕ್ಕಾಗಿ ವಿಮಾನ ಕಲಿಯುವವರಿದ್ದಾರೆ. ಇವನೂ ಕಲಿತು ಪರವಾನಗಿ ಪಡೆದ. ರಜಾ ದಿನಗಳಲ್ಲಿ ನಾಲ್ಕು ಜನ ಕೂರುವ ಸೆಸ್ನಾ 172 ಎಂಬ ವಿಮಾನವನ್ನು ಬಾಡಿಗೆಗೆ ಪಡೆದು ಹಾರಿಸುತ್ತಾನೆ. ಅಲ್ಲಿ ಶನಿವಾರ ಬೆಳಗಾದರೆ ಇಲ್ಲಿ ಸಂಜೆ. “ಇಳಿದೆ ಅಮ್ಮಿ” ಎಂಬ ಸಂದೇಶ ಮೊಬೈಲಿಗೆ ಬರುವವರೆಗೆ ಆಪಾ ತಟ್ಟೆಗೆ ಕೈ ಹಚ್ಚುವುದಿಲ್ಲ. ಆದರೆ ಒಂದು ದಿನವೂ “ಹಾರಬೇಡ” ಎಂದವರಲ್ಲ.

ನಾನಾದರೋ ಮದ್ರಸದಲ್ಲಿ ಕಲಿತು, ಆಮೇಲೆ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಬಿ.ಎ. ಮುಗಿಸಿದವಳು. ಮಕ್ಕಳಿಗೆ ಭಾಷೆ ಕಲಿಸುವವಳು. ವಿಜ್ಞಾನ ನನಗೆ ದೂರದ ನೆಂಟ. “ಖಾಲಾಗೆ ಅರ್ಥವಾಗುವ ಹಾಗೆ ಹೇಳಲು ಬಂದರೆ ನನಗೂ ಅರ್ಥವಾಗಿದೆ ಎಂದು ಲೆಕ್ಕ” ಎನ್ನುತ್ತಾ ಹುಡುಗ ನನ್ನನ್ನು ಕಂಪ್ಯೂಟರ್ ಕುರ್ಚಿಯಲ್ಲಿ ಕೂರಿಸಿದ. ಕಣ್ಣು ಮುಚ್ಚಲು ಹೇಳಿದ. ಕುರ್ಚಿಯನ್ನು ಒಂದೇ ವೇಗದಲ್ಲಿ ನಿಧಾನವಾಗಿ ತಿರುಗಿಸತೊಡಗಿದ.

“ಯಾವ ಕಡೆ ತಿರುಗುತ್ತಿದ್ದೀರಿ?”

“ಬಲಕ್ಕೆ.”

ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳಿದ. “ಈಗ ನಿಂತಿದೆ” ಎಂದೆ. ಆಪಾ ಜೋರಾಗಿ ನಕ್ಕರು. ಕುರ್ಚಿ ಇನ್ನೂ ತಿರುಗುತ್ತಲೇ ಇತ್ತಂತೆ! ಆಮೇಲೆ, “ಈಗ ಎಡಕ್ಕೆ ತಿರುಗಿಸುತ್ತಿದ್ದೀಯಾ?” ಎಂದು ಕೇಳಿ ಕಣ್ಣು ಬಿಟ್ಟರೆ ಕುರ್ಚಿ ಅಲ್ಲಾಡದೆ ನಿಂತಿತ್ತು.

ನಮ್ಮ ಒಳಕಿವಿಯಲ್ಲಿ ಅರ್ಧ ಬಳೆಯಂತಹ ಮೂರು ಸಣ್ಣ ನಾಳಗಳಿವೆ. ಅವುಗಳಲ್ಲಿ ದ್ರವವಿದೆ. ತಲೆ ತಿರುಗಲು ಶುರುವಾದಾಗ ದ್ರವ ಹಿಂದುಳಿಯುತ್ತದೆ, ನಮಗೆ ತಿರುಗಿದ್ದು ಗೊತ್ತಾಗುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಸುಮಾರು 20 ಸೆಕೆಂಡಿನೊಳಗೆ ದ್ರವವೂ ಜೊತೆಗೇ ತಿರುಗತೊಡಗಿ ನಿಂತಂತೆ ಅನಿಸುತ್ತದೆ. ನೆಲದ ಮೇಲೆ ಕಣ್ಣು ಈ ತಪ್ಪನ್ನು ತಿದ್ದುತ್ತದೆ. ಮೋಡದೊಳಗೆ ಹೊಕ್ಕ ವಿಮಾನದಲ್ಲಿ ಕಣ್ಣಿಗೆ ಕಾಣುವುದು ಬರೀ ಬಿಳುಪು. ವಿಮಾನ ಒಂದು ಪಕ್ಕಕ್ಕೆ ವಾಲಿ ಸುತ್ತುತ್ತಾ ಕೆಳಗಿಳಿಯುತ್ತಿದ್ದರೂ ಚಾಲಕನಿಗೆ ನೆಟ್ಟಗೆ ಹೋಗುತ್ತಿದ್ದೇನೆ ಎಂದೇ ಅನಿಸುತ್ತದೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿದರು. ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದ 20 ಮಂದಿಗೆ ಹೊರಗೇನೂ ಕಾಣದಂತೆ ಮಾಡಿ ವಿಮಾನ ಕೊಟ್ಟರು. ಪಕ್ಕದಲ್ಲಿ ನುರಿತವರಿದ್ದರು. ಇಪ್ಪತ್ತು ಮಂದಿಯೂ ಹಿಡಿತ ತಪ್ಪಿದರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡು. ಮೂರು ನಿಮಿಷವೂ ಇಲ್ಲ. ಹಾಲು ಉಕ್ಕಿ ಬರುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಈ ಸಂಕಟಕ್ಕೆ ಪರಿಹಾರವಾಗಿ ಬಂದದ್ದೇ ಕೃತಕ ದಿಗಂತ. ದುಂಡಗಿನ ಮೀಟರು. ಮೇಲರ್ಧ ನೀಲಿ ಆಕಾಶ, ಕೆಳಗರ್ಧ ಕಂದು ಭೂಮಿ, ನಡುವೆ ಗೆರೆ. ವಿಮಾನ ವಾಲಿದರೆ ಗೆರೆ ಓರೆಯಾಗುತ್ತದೆ. 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ಎಂಬ ಚಾಲಕ ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡಿನಲ್ಲಿ ತಾನು ಕುಳಿತ ಜಾಗಕ್ಕೆ ಮುಸುಕು ಹಾಕಿಸಿಕೊಂಡು, ಹೊರಗೆ ನೋಡದೆ, ಉಪಕರಣಗಳ ಬಲದಿಂದಲೇ ವಿಮಾನವನ್ನು ಏರಿಸಿ, ಸುತ್ತು ಹೊಡೆಸಿ, ಇಳಿಸಿ ತೋರಿಸಿದ. ಇಂದು ನಾವು ರಾತ್ರಿ ಹೊತ್ತು, ಮಳೆಗಾಲದಲ್ಲಿ ನಿಶ್ಚಿಂತೆಯಿಂದ ವಿಮಾನದಲ್ಲಿ ನಿದ್ದೆ ಮಾಡುವುದರ ಹಿಂದೆ ಆ ದಿನವಿದೆ.

“ಹಾಗಿದ್ದರೆ ವಿಮಾನದಲ್ಲೇ ಅದು ಇರುತ್ತದಲ್ಲ. ನಿನ್ನದೇಕೆ?” ಎಂದು ಆಪಾ ಕೇಳಿದರು. ಸರಿಯಾದ ಪ್ರಶ್ನೆ.

ಹಳೆಯ ಸಣ್ಣ ವಿಮಾನಗಳಲ್ಲಿ ಆ ಮೀಟರಿನೊಳಗೆ ಒಂದು ಬುಗುರಿ ಇರುತ್ತದೆ. ಎಂಜಿನ್ನಿಗೆ ಜೋಡಿಸಿದ ಪಂಪು ಗಾಳಿಯನ್ನು ಎಳೆದು ಅದನ್ನು ತಿರುಗಿಸುತ್ತದೆ. ಪಂಪು ಕೆಟ್ಟರೆ ಬುಗುರಿ ತಕ್ಷಣ ನಿಲ್ಲುವುದಿಲ್ಲ. ವೇಗ ಕಳೆದುಕೊಳ್ಳುತ್ತಾ ಮೆಲ್ಲಮೆಲ್ಲನೆ ವಾಲುತ್ತದೆ. ಬಲ್ಬು ಸುಟ್ಟರೆ ಕತ್ತಲಾಗಿ ನಮಗೆ ತಿಳಿಯುತ್ತದೆ. ಇದು ಕೆಟ್ಟಾಗ ಸುಮ್ಮನಾಗುವುದಿಲ್ಲ, ಸುಳ್ಳು ಹೇಳತೊಡಗುತ್ತದೆ.

ಅದನ್ನು ಕೇಳಿದಾಗ ಅಬ್ಬಾ ಹೇಳುತ್ತಿದ್ದ ‘ದುಬೈ ವಿಮಾನ’ದ ಸುದ್ದಿ ನೆನಪಾಯಿತು. 1978ರ ಜನವರಿ 1ರ ರಾತ್ರಿ ಬೊಂಬಾಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ಎಂಬ ಜಂಬೋ ವಿಮಾನ ಮೇಲೇರಿದ ಎರಡು ನಿಮಿಷದೊಳಗೆ ಸಮುದ್ರಕ್ಕೆ ಬಿತ್ತು. 213 ಜೀವಗಳು ಹೋದವು. ಹೊರಗೆ ಕತ್ತಲು, ಕೆಳಗೆ ಕಡಲು. ಕ್ಯಾಪ್ಟನ್ನಿನ ಎದುರಿದ್ದ ಇದೇ ಬಗೆಯ ಉಪಕರಣ ಕೆಟ್ಟಿತ್ತು. ವಿಮಾನ ಬಲಕ್ಕೇ ವಾಲಿದೆ ಎಂದು ಅದು ತೋರಿಸುತ್ತಲೇ ಇತ್ತು, ಅವರು ಎಡಕ್ಕೆ ಎಡಕ್ಕೆ ತಿದ್ದುತ್ತಾ ಹೋದರು. ಬೇರೆ ಉಪಕರಣವನ್ನು ನೋಡುವಂತೆ ಫ್ಲೈಟ್ ಎಂಜಿನಿಯರ್ ಎಚ್ಚರಿಸಲು ಯತ್ನಿಸಿದ್ದರೂ ಹೋಲಿಸಿ ನೋಡುವಷ್ಟು ಸಮಯ ಉಳಿದಿರಲಿಲ್ಲ.

“ಅದಕ್ಕೇ ಖಾಲಾ, ನನ್ನ ಹತ್ತಿರ ಇನ್ನೊಂದು ಸಾಕ್ಷಿ ಇರಲಿ ಎಂದು” ಎಂದ ಹುಡುಗ.

ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದ. ಒಳಗೆ ಎಟಿಎಂ ಕಾರ್ಡಿನಷ್ಟು ಅಗಲದ ಕಂಪ್ಯೂಟರು. ರಾಸ್ಪ್‌ಬೆರಿ ಪೈ ಎಂದು ಅದರ ಹೆಸರು. ಶಾಲಾ ಮಕ್ಕಳು ಕಂಪ್ಯೂಟರ್ ಕಲಿಯಲೆಂದು ಇಂಗ್ಲೆಂಡಿನಲ್ಲಿ ರೂಪುಗೊಂಡು 2012ರಿಂದ ಮಾರಾಟಕ್ಕೆ ಬಂದದ್ದು. ಅದರ ಪಕ್ಕ ಬೆರಳುಗುರಿನಷ್ಟು ಚಿಪ್ಪು. ನಮ್ಮ ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರವೂ ಅಡ್ಡವಾಗುತ್ತದಲ್ಲ, ಅದೇ ಬಗೆಯ ಚಿಪ್ಪು. ಒಂದು ಜಿಪಿಎಸ್. ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಇನ್ನೊಂದು ಚಿಪ್ಪು. ಮೊಬೈಲ್ ಚಾರ್ಜ್ ಮಾಡುವ ಪವರ್ ಬ್ಯಾಂಕಿನಿಂದ ವಿದ್ಯುತ್ತು. ಇವೆಲ್ಲ ಲೆಕ್ಕ ಹಾಕಿದ್ದು ವೈಫೈ ಮೂಲಕ ಟ್ಯಾಬ್ಲೆಟ್ಟಿನ ಪರದೆಯ ಮೇಲೆ ನೀಲಿ ಆಕಾಶ, ಕಂದು ಭೂಮಿಯಾಗಿ ಮೂಡುತ್ತದೆ. ಹವ್ಯಾಸಿಗಳು ಸೇರಿ 2015ರಿಂದ ಬೆಳೆಸಿದ ಸ್ಟ್ರ್ಯಾಟಕ್ಸ್ ಎಂಬ ಉಚಿತ ತಂತ್ರಾಂಶವಿದೆ. ಹೆಚ್ಚಿನವರು ಅದನ್ನು ಬಳಸುತ್ತಾರೆ. ಇವನು ಮಾತ್ರ ವಾಲುವಿಕೆಯ ಲೆಕ್ಕವನ್ನು ತಾನೇ ಬರೆಯುತ್ತೇನೆಂದು ಹಠ ಹಿಡಿದು ಬರೆದಿದ್ದ.

ಪೆಟ್ಟಿಗೆ ಹಿಡಿದು ಮಹಡಿ ಹತ್ತಿದರೆ ಎತ್ತರ ಹತ್ತು ಅಡಿ ಹೆಚ್ಚಾಯಿತೆಂದು ತೋರಿಸಿತು. ಆಪಾಳ ಚಪಾತಿ ಮಣೆಯ ಮೇಲಿಟ್ಟು, ನನ್ನ ಶಾಲೆಯ ಕೋನಮಾಪಕದಿಂದ ಅಳೆದು, ಹತ್ತು, ಇಪ್ಪತ್ತು, ಮೂವತ್ತು ಡಿಗ್ರಿ ವಾಲಿಸಿದೆವು. ಪರದೆಯೂ ಅಷ್ಟೇ ಹೇಳಿತು. ಆಪಾಳ ಮುಖ ಅರಳಿತು. “ಇನ್ನು ಇದಿದ್ದರೆ ಭಯವಿಲ್ಲ ಅಲ್ಲವಾ?” ಎಂದರು.

“ಏನೂ ಭಯವಿಲ್ಲ ಅಮ್ಮಿ” ಎಂದುಬಿಟ್ಟ.

ಆ ರಾತ್ರಿ ಆಪಾ ನನ್ನ ಬಳಿ ಮಲಗಿ, “ನಾಲ್ಕು ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು” ಎಂದರು.

ಭಾನುವಾರ ಬೆಳಿಗ್ಗೆ ಊರ ಹೊರಗಿನ ದೊಡ್ಡ ಬಯಲಿಗೆ ಕಾರು ಒಯ್ದೆವು. ಪೆಟ್ಟಿಗೆ ಸೀಟಿನ ಪಕ್ಕದಲ್ಲಿ ಭದ್ರವಾಗಿ ಕಟ್ಟಿತ್ತು. ಪರದೆ ನನ್ನ ಮಡಿಲಲ್ಲಿ. ಹುಡುಗ ಕಾರನ್ನು ಒಂದೇ ವೇಗದಲ್ಲಿ ಎಡಕ್ಕೆ ಸುತ್ತು ಸುತ್ತು ಓಡಿಸಿದ. ಬಯಲು ಮಟ್ಟಸವಾಗಿತ್ತು. ಮೊದಲು ಗೆರೆಯೂ ನೆಟ್ಟಗಿತ್ತು. ಎರಡನೇ ಸುತ್ತು, ಮೂರನೇ ಸುತ್ತು ಮುಗಿಯುವ ಹೊತ್ತಿಗೆ ಗೆರೆ ಮೆಲ್ಲನೆ ಓರೆಯಾಗತೊಡಗಿತು. ಐದು ಡಿಗ್ರಿ. ಎಂಟು. ಹತ್ತು ದಾಟಿತು. ಕಾರು ಬಲಕ್ಕೆ ವಾಲಿದೆ ಎನ್ನುತ್ತಿತ್ತು ಪೆಟ್ಟಿಗೆ. ಕಾರು ವಾಲಿರಲಿಲ್ಲ.

“ಬೇಟಾ, ಗೆರೆ ಓರೆಯಾಗಿದೆ” ಎಂದೆ.

ಕಾರು ನಿಲ್ಲಿಸಿ ಪರದೆಯನ್ನೇ ನೋಡುತ್ತಾ ಕುಳಿತ. ಸ್ವಲ್ಪ ಹೊತ್ತಿನಲ್ಲಿ ಗೆರೆ ತಾನಾಗಿಯೇ ನೆಟ್ಟಗಾಯಿತು. ಅವನ ಮುಖ ಮಾತ್ರ ಆಗಲಿಲ್ಲ.

ಆಮೇಲೆ ವಿವರಿಸಿದ. ತಿರುಗುವಿಕೆಯನ್ನು ಅಳೆಯುವ ಚಿಪ್ಪಿನಲ್ಲಿ ಕೂದಲೆಳೆಯಷ್ಟು ತಪ್ಪು ಕೂಡುತ್ತಾ ಕೂಡುತ್ತಾ ದೊಡ್ಡದಾಗುತ್ತದೆ. ಅದನ್ನು ತಿದ್ದಲು ‘ಕೆಳಗೆ’ ಎಂದರೆ ಯಾವ ಕಡೆ ಎಂದು ಹೇಳುವ ಇನ್ನೊಂದು ಅಳತೆ ಬೇಕು. ಆ ಅಳತೆ ಭೂಮಿಯ ಸೆಳೆತವನ್ನು ನೋಡಿ ಹೇಳುತ್ತದೆ. ಆದರೆ ತಿರುವಿನಲ್ಲಿ ಪಕ್ಕಕ್ಕೆ ತಳ್ಳುವ ಬಲವೂ ಅದರೊಳಗೆ ಬೆರೆಯುತ್ತದೆ. ನೀರು ತುಂಬಿದ ಬಕೆಟನ್ನು ಬೀಸಿ ತಿರುಗಿಸಿದರೆ ನೀರು ಚೆಲ್ಲುವುದಿಲ್ಲವಲ್ಲ, ನೀರಿಗೆ ಬಕೆಟಿನ ತಳವೇ ‘ಕೆಳಗೆ’. ಹಾಗೆಯೇ ವಾಲಿ ತಿರುಗುವ ವಿಮಾನದಲ್ಲಿ ಲೋಟದ ಚಹಾ ಕೂಡ ಚೆಲ್ಲದೆ ಮಟ್ಟಸವಾಗಿ ನಿಲ್ಲುತ್ತದೆ. ಚಪಾತಿ ಮಣೆಯ ಮೇಲೆ ಸತ್ಯ ಹೇಳಿದ ಪೆಟ್ಟಿಗೆ ಆಕಾಶದಲ್ಲಿ, ವಾಲಿ ಸುತ್ತುತ್ತಿರುವ ವಿಮಾನವನ್ನು ನೋಡಿ, “ನೆಟ್ಟಗಿದೆ” ಎನ್ನುತ್ತಿತ್ತು. ಕುರ್ಚಿಯಲ್ಲಿ ಕುಳಿತ ನಾನು ಹೇಳಿದ ಹಾಗೆಯೇ!

ಮನೆಯ ಹತ್ತಿರ ಬಂದಾಗ, “ಖಾಲಾ, ಅಮ್ಮಿಗೆ ಹೇಳಬೇಡಿ. ನಾನು ಸರಿ ಮಾಡಿಬಿಡುತ್ತೇನೆ. ಈಗಷ್ಟೇ ನಿಶ್ಚಿಂತೆಯಾಗಿದ್ದಾರೆ” ಎಂದ.

ನನಗೂ ಒಂದು ಕ್ಷಣ ಹಾಗೇ ಅನಿಸಿತು. ತಾಯಿಯ ನೆಮ್ಮದಿ ಕೆಡಿಸಿ ಏನು ಸಿಗುತ್ತದೆ? ಆದರೆ ಬಾಯಿಂದ ಬಂದ ಮಾತು ಬೇರೆ. “ಕೆಟ್ಟ ಮೀಟರು ಸುಮ್ಮನಾಗದೆ ಸುಳ್ಳು ಹೇಳುತ್ತದೆ ಎಂದು ನೀನೇ ದೂರಿದೆಯಲ್ಲ ಬೇಟಾ. ಈಗ ನೀನು ಮಾಡಲು ಹೊರಟಿರುವುದೇನು?”

ಅವನು ಉತ್ತರಿಸಲಿಲ್ಲ. ಊಟಕ್ಕೆ ಕೂತಾಗ ತಾನೇ ಬಾಯಿಬಿಟ್ಟ. “ಅಮ್ಮಿ, ಭಯವಿಲ್ಲ ಎಂದು ಹೇಳಿದ್ದು ನನ್ನ ತಪ್ಪು. ಪೆಟ್ಟಿಗೆ ತಿರುವಿನಲ್ಲಿ ಸುಳ್ಳು ಹೇಳುತ್ತದೆ.”

ಆಪಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅವನ ತಟ್ಟೆಗೆ ಸಾರು ಬಡಿಸುತ್ತಾ, “ಇಲ್ಲಿ ಗೊತ್ತಾಯಿತಲ್ಲ, ಮೇಲೆ ಗೊತ್ತಾಗಲಿಲ್ಲವಲ್ಲ. ಅದೇ ದೊಡ್ಡದು” ಎಂದರು. ಸ್ವಲ್ಪ ತಡೆದು, “ಇನ್ನೇನೇನು ಅದಕ್ಕೆ ಗೊತ್ತಿಲ್ಲ? ಎಲ್ಲವನ್ನೂ ಹೇಳು” ಎಂದರು.

ಹೇಳಿದ. ಜಿಪಿಎಸ್ ನೆಲದ ಮೇಲಿನ ವೇಗವನ್ನು ಹೇಳುತ್ತದೆ, ರೆಕ್ಕೆಗೆ ಬೇಕಾದದ್ದು ಗಾಳಿಯೊಳಗಿನ ವೇಗ. ಹಿಂದಿನಿಂದ ಗಾಳಿ ತಳ್ಳುತ್ತಿದ್ದರೆ ಪೆಟ್ಟಿಗೆ ಹೆಚ್ಚು ವೇಗ ತೋರಿಸುತ್ತದೆ, ಅಷ್ಟು ಬಲ ರೆಕ್ಕೆಗೆ ಇರುವುದಿಲ್ಲ. ಅದಕ್ಕೆ ವಿಮಾನದ್ದೇ ಮೀಟರು ಬೇಕು. ಬಿಸಿಲಿಗೆ ಗಾಜಿನ ಹಿಂದೆ ಇಟ್ಟರೆ ಕಂಪ್ಯೂಟರು ಕಾದು ನಿಧಾನವಾಗುತ್ತದೆ, ಅದಕ್ಕೇ ಫ್ಯಾನು. ಎಂಜಿನ್ನಿನ ನಡುಕ ಅಳತೆಯನ್ನು ಕೆಡಿಸುತ್ತದೆ. ಕೈಯಲ್ಲಿ ಒಯ್ಯುವ ಇಂತಹ ಪೆಟ್ಟಿಗೆ ಇಟ್ಟುಕೊಳ್ಳಲು ಅಲ್ಲಿ ಅಡ್ಡಿಯಿಲ್ಲ, ಆದರೆ ಕಾನೂನಿನ ಪ್ರಕಾರ ವಿಮಾನದಲ್ಲಿರಲೇಬೇಕಾದ ಉಪಕರಣಗಳ ಬದಲಿಗೆ ಇದು ನಿಲ್ಲಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮೋಡದಲ್ಲಿ ಹಾರುವ ಪರವಾನಗಿ ತನಗಿನ್ನೂ ಇಲ್ಲ ಎಂದ. ಆಪಾ ಒಂದೊಂದಕ್ಕೂ ತಲೆಯಾಡಿಸುತ್ತಾ ಕೇಳಿದರು. ಮಗ ಪರೀಕ್ಷೆಗೆ ಓದುವಾಗ ಕೇಳುತ್ತಿದ್ದ ಹಾಗೆ.

ಮುಂದಿನ ನಾಲ್ಕು ರಾತ್ರಿ ಹುಡುಗ ಲೆಕ್ಕ ತಿದ್ದಿದ. ಜಿಪಿಎಸ್‌ನಿಂದ ವೇಗ, ಚಿಪ್ಪಿನಿಂದ ತಿರುಗುವಿಕೆ, ಎರಡನ್ನೂ ಗುಣಿಸಿದರೆ ಪಕ್ಕಕ್ಕೆ ತಳ್ಳುವ ಬಲ ಎಷ್ಟೆಂದು ಸಿಗುತ್ತದಂತೆ. ಅದನ್ನು ಕಳೆದರೆ ಉಳಿಯುವುದು ಭೂಮಿಯ ಸೆಳೆತ. ಮತ್ತೆ ಬಯಲಿಗೆ ಹೋದೆವು. ಈ ಸಲ ಆಪಾ ಕೂಡ ಬಂದು ಪರದೆಯನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡರು. ಹತ್ತು ಸುತ್ತು ಮುಗಿದರೂ ಗೆರೆ ಎರಡು ಡಿಗ್ರಿಗಿಂತ ಹೆಚ್ಚು ಅಲ್ಲಾಡಲಿಲ್ಲ. “ಇನ್ನೊಂದು ಕಡೆಗೂ ತಿರುಗಿಸು” ಎಂದರು ಆಪಾ. ನಮಗೆ ಅದು ಹೊಳೆದಿರಲಿಲ್ಲ!

ಹುಡುಗ ಹಿಂತಿರುಗಿದ. ಅಲ್ಲಿ ತರಬೇತುದಾರರ ಜೊತೆ ಹಾರುತ್ತಾ, ಹೊರಗೆ ಕಾಣದಂತೆ ಹಣೆಗೆ ಮರೆ ಕಟ್ಟಿಕೊಂಡು, ವಿಮಾನದ ಮೀಟರನ್ನೂ ಪೆಟ್ಟಿಗೆಯನ್ನೂ ಹೋಲಿಸಿ ಬರೆದಿಡುತ್ತಿದ್ದಾನೆ. ಎಲ್ಲಿ ಎರಡೂ ಒಪ್ಪುವುದಿಲ್ಲವೋ ಆ ಪುಟದ ಫೋಟೊ ತಾಯಿಗೂ ಕಳಿಸುತ್ತಾನೆ. ಆಪಾಳಿಗೆ ಆ ಅಂಕಿಗಳು ತಿಳಿಯುವುದಿಲ್ಲ. ಆದರೂ ತೆಗೆದಿಡುತ್ತಾರೆ.

ನಾವು ಪ್ರೀತಿಪಾತ್ರರಿಗೆ “ಏನೂ ಭಯವಿಲ್ಲ” ಎಂದು ಹೇಳುವುದನ್ನೇ ಪ್ರೀತಿ ಎಂದುಕೊಂಡಿದ್ದೇವೆ. ನಾನೂ ಹಾಗೆಯೇ ಬಹಳ ಸಲ ಹೇಳಿದ್ದೇನೆ. ಅಪಾಯ ಎಷ್ಟು, ಎಲ್ಲಿ ಎಂದು ತಿಳಿದ ಮೇಲೆ ಆಪಾ ಹೆದರಿ ಕುಗ್ಗಲಿಲ್ಲ, ಮಗನ ಜೊತೆ ನಿಂತರು.

ಮೊನ್ನೆ ಶನಿವಾರ ಸಂಜೆ ಆಪಾಳ ಮೊಬೈಲು ಬೇಗನೇ ಸದ್ದು ಮಾಡಿತು. ಕನ್ನಡಕ ಹುಡುಕಿ ತಂದುಕೊಟ್ಟೆ. “ಅಮ್ಮಿ, ಇಲ್ಲಿ ಮೋಡ ಕೆಳಗಿದೆ. ಇವತ್ತು ಹಾರುವುದಿಲ್ಲ” ಎಂದಿತ್ತು. ಆಪಾ ಮೊಬೈಲು ಕೆಳಗಿಟ್ಟು, “ಬಾ, ಊಟ ಮಾಡೋಣ” ಎಂದರು.